ಬುಧವಾರ ಕಸ ಗುಡಿಸದ ಮನೆ

"ಕಾಫಿ ಆರೋಯ್ತು ಕಣವ್ವ. ಇನ್ನೊಂದ್ ಲೋಟ ಬಿಸಿ ಮಾಡ್ಕೊಂಡ್ ಬರ್ಲಾ?"

ಚಿನ್ನಮ್ಮ ಎರಡನೇ ಸಲ ಕೇಳಿದಾಗ ಸಬ್ ಇನ್‌ಸ್ಪೆಕ್ಟರ್ ಲತಾಮಣಿ ಲೋಟ ಎತ್ತಿ ಒಂದೇ ಗುಟುಕಿಗೆ ಮುಗಿಸಿಬಿಟ್ಟಳು. ಅದು ಕಾಫಿಯೋ ಕಷಾಯವೋ ಅವಳಿಗೆ ಗೊತ್ತಾಗಲಿಲ್ಲ. ಕೂತಲ್ಲಿ ಕೂರಲಾಗುತ್ತಿಲ್ಲ, ಬರಿಗೈಲಿ ಎದ್ದು ಹೋಗಲು ಮನಸ್ಸಿಲ್ಲ. ಬಲಗಾಲು ತನ್ನಷ್ಟಕ್ಕೆ ತಾನೇ ಕುಣಿಯುತ್ತಿತ್ತು.

ಬಾಗಿಲ ಹತ್ತಿರ ನಿಂತಿದ್ದ ಹೆಡ್ ಕಾನ್‌ಸ್ಟೆಬಲ್ ಮರಿಯಪ್ಪ ಗೋಡೆ ಗಡಿಯಾರ ನೋಡಿದ, ಲತಾಮಣಿಯನ್ನು ನೋಡಿದ, ಆಮೇಲೆ ಸುಮ್ಮನೆ ಕೆಮ್ಮಿದ. ಆ ಕೆಮ್ಮಿನ ಅರ್ಥ ಅವಳಿಗೆ ಗೊತ್ತು. ಇವತ್ತು ಗುರುವಾರ. ನಾಲ್ಕು ಗಂಟೆಗೆ ಕನಕಪುರದ ಕೋರ್ಟಿನಲ್ಲಿ ಟ್ಯಾಕ್ಸಿ ಡ್ರೈವರ್ ಸ್ವಾಮಿಯನ್ನು ಹಾಜರು ಮಾಡಬೇಕು. ಅಲ್ಲಿಂದ ಅವನು ಜೈಲಿಗೆ. ಕೊಲೆ ಕೇಸು ಅಂದಮೇಲೆ ಜಾಮೀನು ಸಿಕ್ಕಾಗ ಸಿಕ್ಕಿತು. ಏಳು ತಿಂಗಳ ಬಸುರಿ ಹೆಂಡತಿ ಚೈತ್ರಾ ನಿನ್ನೆ ಸಂಜೆಯಿಂದ ಸ್ಟೇಷನ್ ಮೆಟ್ಟಿಲು ಬಿಟ್ಟು ಎದ್ದಿಲ್ಲ. ಅವನನ್ನು ಹಿಡಿದು ತಂದವಳು ಇದೇ ಲತಾಮಣಿ. ಹಿಡಿದ ಗಳಿಗೆಯಿಂದ ತಪ್ಪು ಮಾಡಿದೆ ಅಂತ ಮನಸ್ಸು ಹೇಳುತ್ತಿತ್ತು, ಸಾಕ್ಷಿಯೆಲ್ಲ ಸರಿಯಾಗಿದೆ ಅಂತ ಕಾಗದ ಹೇಳುತ್ತಿತ್ತು.

ಸತ್ತವನು ದೇವರಾಜ್. ಮಂಗಳವಾರ ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಮರಳವಾಡಿಯ ತನ್ನ ತೋಟದ ಶೆಡ್ಡಿನಲ್ಲಿ ಯಾರೋ ತಲೆ ಒಡೆದು ಹೋಗಿದ್ದರು. ಸ್ವಾಮಿಯ ಕಾರು ಅದೇ ಹೊತ್ತಿಗೆ ತೋಟದ ದಾರೀಲಿ ನಿಂತಿದ್ದನ್ನು ಊರವರು ಕಂಡಿದ್ದರು. ಕಾರಿನ ಹಿಂದಿನ ಸೀಟಿನ ಕೆಳಗೆ ದೇವರಾಜನ ಫೋನು ಸಿಕ್ಕಿತ್ತು. ಕೇಳಿದರೆ ಸ್ವಾಮಿಯ ಬಾಯಲ್ಲಿ ಒಂದೇ ಮಾತು.

"ಏರ್‌ಪೋರ್ಟಿಂದ ಒಬ್ಬ ಗಂಡಸು ಕೈ ತೋರಿಸಿ ಹತ್ತಿದ್ರು ಮೇಡಂ. ಟೋಪಿ, ಮಾಸ್ಕು ಹಾಕಿದ್ರು. ಮರಳವಾಡೀಲಿ ಇಳಿದು ಒಸಿ ಹೊತ್ತು ಇರು ಅಂದ್ರು. ಬಂದು ಹತ್ತಿದ್ರು, ವಾಪಸ್ ಏರ್‌ಪೋರ್ಟಿಗೇ ಬುಟ್ಟೆ. ಅವರನ್ನ ಹುಡುಕಿ ಮೇಡಂ, ನಿಮ್ಮ ಕಾಲಿಗೆ ಬೀಳ್ತೀನಿ."

ಸ್ಟೇಷನ್ನಿಗೆ ಸ್ಟೇಷನ್ನೇ ನಕ್ಕಿತ್ತು. ದೇವನಹಳ್ಳಿಯಲ್ಲಿ ವಿಮಾನ ಇಳಿದು, ಬೆಂಗಳೂರಿನ ಟ್ರಾಫಿಕ್ಕನ್ನೆಲ್ಲ ನುಂಗಿಕೊಂಡು, ಮರಳವಾಡಿಯ ಹಿಪ್ಪುನೇರಳೆ ಸೊಪ್ಪು ನೋಡಿ ಅದೇ ಕಾರಲ್ಲಿ ವಾಪಸ್ ಹೋಗೋ ಆಸಾಮಿ ಯಾರಪ್ಪಾ?

ದೇವರಾಜನ ಮೇಲೆ ಹಲ್ಲು ಮಸೆಯುತ್ತಿದ್ದವನು ಇದ್ದದ್ದು ಒಬ್ಬನೇ, ಈ ಚಿನ್ನಮ್ಮನ ಮಗ ಅನಂತರಾಜು. ಇಬ್ಬರೂ ಪಾಲುದಾರರಾಗಿ ಚನ್ನಪಟ್ಟಣದಲ್ಲಿ ಮರದ ಗೊಂಬೆಯ ಕಾರ್ಖಾನೆ ನಡೆಸುತ್ತಿದ್ದರು. ಜರ್ಮನಿಯ ದೊಡ್ಡ ಗಿರಾಕಿಯೊಬ್ಬ ಇನ್ನು ಮುಂದೆ ಮಾಲು ತಗೊಳ್ಳೋದಾದರೆ ದೇವರಾಜನ ಹತ್ತಿರ ಮಾತ್ರ ಅಂದುಬಿಟ್ಟಿದ್ದ. ಅವನ ಮನಸ್ಸು ತಿರುಗಿಸಲೆಂದು ಅನಂತರಾಜು ಫ್ರಾಂಕ್‌ಫರ್ಟಿಗೆ ಹೊರಟಿದ್ದ.

ಹಾಗೆ ಹೊರಟಿದ್ದೇ ಅವನನ್ನು ಕಾಪಾಡುತ್ತಿದ್ದದ್ದು. ಮಂಗಳವಾರ ಬೆಳಗಿನ ಜಾವ ಮೂರೂವರೆಯ ವಿಮಾನ. ಬೆಂಗಳೂರಿಂದ ಫ್ರಾಂಕ್‌ಫರ್ಟಿಗೆ ಏಳು ಸಾವಿರ ಚಿಲ್ಲರೆ ಕಿಲೋಮೀಟರು, ಎಲ್ಲೂ ನಿಲ್ಲದೆ ಹಾರಿದರೂ ಹತ್ತು ಗಂಟೆ. ನಮ್ಮ ಗಡಿಯಾರದಲ್ಲಿ ಅದು ಇಳಿಯುವಾಗ ಮಧ್ಯಾಹ್ನ ಒಂದೂವರೆ. ದೇವರಾಜನ ತಲೆ ಒಡೆದ ಹೊತ್ತಿಗೆ ಅನಂತರಾಜು ಯುರೋಪಿನ ಯಾವುದೋ ದೇಶದ ಮೋಡದ ಮೇಲಿದ್ದ. ವಿಮಾನ ಹತ್ತಿದ್ದು ನಿಜವೇ ಅಂತ ಮರಿಯಪ್ಪ ವಿಚಾರಿಸಿದ್ದ. ಹತ್ತಿದ್ದಾರೆ, ವಿಮಾನ ಸರಿಯಾದ ಟೈಮಿಗೆ ಹೊರಟಿದೆ ಅಂದಿದ್ದರು. ಬುಧವಾರ ಮಧ್ಯಾಹ್ನ ಅವನೇ ಲತಾಮಣಿಗೆ ವಿಡಿಯೋ ಕಾಲ್ ಮಾಡಿ, ಹಿಂದೆ ಜರ್ಮನ್ ಬೋರ್ಡುಗಳು ಕಾಣುವ ಹಾಗೆ ನಿಂತು, ಗೆಳೆಯನಿಗಾಗಿ ಕಣ್ಣೊರೆಸಿಕೊಂಡಿದ್ದ.

ಇವತ್ತು ಚನ್ನಪಟ್ಟಣದ ಈ ಮನೆಗೆ ಬಂದದ್ದು ಬರೀ ಹಟಕ್ಕೆ. ಏನು ಕೇಳಬೇಕು ಅಂತ ಲತಾಮಣಿಗೇ ಗೊತ್ತಿರಲಿಲ್ಲ.

ಅಷ್ಟರಲ್ಲಿ ಹಿತ್ತಿಲ ಬಾಗಿಲಿಂದ ಪಕ್ಕದ ಮನೆಯ ನಾಗಲಕ್ಷ್ಮಮ್ಮ ಬಂದಳು. ಬಾಯಲ್ಲಿ ಕೇಳಿದ್ದು ಕರಿಬೇವಿನ ಸೊಪ್ಪು, ಕಣ್ಣು ಹುಡುಕಿದ್ದು ಪೊಲೀಸರನ್ನು. ಜೀಪು ನಿಂತಾಗಿಂದ ಆಯಮ್ಮನಿಗೆ ಒಲೆ ಮುಂದೆ ಕಾಲು ನಿಂತಿರಲಿಕ್ಕಿಲ್ಲ.

"ಏನ್ ಚಿನ್ನಕ್ಕ, ಮಗ ಸುಖವಾಗಿ ಮುಟ್ಟಿದ್ನಾ?"

"ಹ್ಞೂ ಕಣೆ. ನೆನ್ನೆ ಮಧ್ಯಾಹ್ನ ಮುಟ್ದೆ ಅಂತ ಫೋನ್ ಮಾಡಿದ್ದ."

"ನೆನ್ನೆನಾ? ನಾನು ಮಂಗಳವಾರನೇ ಮುಟ್ಟವ್ನೆ ಅಂದ್ಕೊಂಡಿದ್ದೆ ಕಣಕ್ಕ. ತಿಂಡಿ ಹೊತ್ಗೆಲ್ಲ ನೀನು ಮನೆ ಗುಡಿಸಿ, ಬಾಗ್ಲಿಗೆ ನೀರ್ ಹಾಕಿ, ತಲೆಗೆ ನೀರ್ ಹುಯ್ಕೊಂಡು ಬಿಸ್ಲಲ್ಲಿ ಕೂದ್ಲು ಒಣಗಿಸ್ಕೊತಾ ಇದ್ದಲ್ಲ."

ನಾಗಲಕ್ಷ್ಮಮ್ಮ ಲತಾಮಣಿಯ ಕಡೆ ತಿರುಗಿ ನಕ್ಕಳು.

"ನಮ್ ಚಿನ್ನಕ್ಕನ ಶಾಸ್ತ್ರ ನಿಮ್ಗೊತ್ತಿಲ್ಲ ಮೇಡಂ. ಮಗ ಮೈಸೂರಿಗೆ ಹೋದ್ರೂ ಅಷ್ಟೆ, ಮುಟ್ದೆ ಅಂತ ಫೋನ್ ಬರೋಗಂಟ ಪೊರಕೆ ಮುಟ್ಟಲ್ಲ, ತಲೆ ನೆನೆಸಲ್ಲ. ಹೋದ್ ವರ್ಷ ದುಬೈಗೆ ಹೋದಾಗ ಕೆಲಸದೋಳು ಪೊರಕೆ ಎತ್ತಿದ್ಲು ಅಂತ ಬೈದಿದ್ದು ಬೀದಿ ಕೊನೆಗಂಟ ಕೇಳುಸ್ತು."

"ನಿನ್ ಸಾರು ಸೀದೋಯ್ತದೆ, ನಡಿಯೇ ನಾಗೂ," ಅಂದಳು ಚಿನ್ನಮ್ಮ. ಕರಿಬೇವನ್ನು ಕಿತ್ತು ಕೊಡಲೂ ಇಲ್ಲ.

ಲತಾಮಣಿಯ ಕಾಲು ಕುಣಿಯುವುದು ನಿಂತಿತು.

ಬುಧವಾರ ಬೆಳಗ್ಗೆ ಅವಳು ಇದೇ ಮನೆಗೆ ಬಂದಿದ್ದಳು. ದೇವರಾಜ್ ಸತ್ತ ಸುದ್ದಿ ಹೇಳೋಕೆ. ಅಂಗಳದ ತುಂಬ ಹೊಂಗೆ ಎಲೆ ಬಿದ್ದಿತ್ತು. ಹಜಾರದಲ್ಲಿ ಕಡಲೆಕಾಯಿ ಸಿಪ್ಪೆ, ದೇವರ ಮನೆ ಮುಂದೆ ಉದುರಿದ ಹಳೇ ಹೂವು. ಮುದುಕಿಗೆ ಮೈ ಸರಿಯಿಲ್ಲವೇನೋ ಅಂದುಕೊಂಡು ಲತಾಮಣಿ ಸುಮ್ಮನಾಗಿದ್ದಳು.

ತಿಪ್ಪಸಂದ್ರದಲ್ಲಿ ಅವಳ ಅವ್ವನೂ ಹೀಗೇ. ಲತಾಮಣಿ ಪೊಲೀಸ್ ಟ್ರೈನಿಂಗಿಗೆ ಹೊರಟ ದಿನ ಬಸ್ಸು ಕೆಟ್ಟು ನಿಂತು, ಫೋನಿನ ಚಾರ್ಜೂ ಮುಗಿದು, ರಾತ್ರಿವರೆಗೆ ಸುದ್ದಿ ಮುಟ್ಟಿಸಲಾಗಿರಲಿಲ್ಲ. ಅವ್ವ ಕಸದ ಮಧ್ಯೆಯೇ ಕೂತಿದ್ದಳಂತೆ. ದಾರೀಲಿರೋ ಮಕ್ಕಳನ್ನ ಹಿಂದಿಂದ ಗುಡಿಸಿ ಹಾಕಿದ ಹಾಗಾಗುತ್ತೆ ಅನ್ನೋ ಭಯ. ಓದಿದವರು ನಗಬಹುದು. ಲತಾಮಣಿ ಮಾತ್ರ ಇವತ್ತಿಗೂ ಎಲ್ಲಿಗೆ ಹೋದರೂ ಮುಟ್ಟಿದ ತಕ್ಷಣ ಅವ್ವನಿಗೆ ಫೋನು ಮಾಡುತ್ತಾಳೆ.

ಅಂಥ ತಾಯಿ ಮಂಗಳವಾರ ಬೆಳಗ್ಗೆ, ಮಗ ಸಮುದ್ರದ ಮೇಲೆ ಹಾರುತ್ತಿರುವಾಗ, ಪೊರಕೆ ಹಿಡಿದಳೇ?

"ಮರಿಯಪ್ಪ, ಬಾಗಿಲು ಹಾಕಿ."

ಮರಿಯಪ್ಪ ಹಾಕಿದ. ಲತಾಮಣಿ ಕುರ್ಚಿ ಬಿಟ್ಟು ಚಿನ್ನಮ್ಮನ ಪಕ್ಕ ಚಾಪೆಯ ಮೇಲೆ ಕೂತಳು.

"ಅಮ್ಮ, ಮಂಗಳವಾರ ಮನೆ ಗುಡಿಸಿದ್ರಿ. ತಲೆಗೆ ಸ್ನಾನ ಮಾಡಿದ್ರಿ. ಮಗ ಇನ್ನೂ ಅರ್ಧ ದಾರೀಲಿದ್ದ."

"ಮರ್ತೋಗಿತ್ತು ಕಣವ್ವ. ವಯಸ್ಸಾತು."

"ಬುಧವಾರ ನೆನಪಾಯ್ತಾ? ನಾನು ಬಂದಾಗ ಮನೇಲಿ ಕಾಲಿಡೋಕೆ ಜಾಗ ಇರಲಿಲ್ಲ. ಮಗ ಹಿಂದಿನ ದಿನವೇ ಜರ್ಮನೀಲಿ ಇಳಿದಿದ್ದರೆ ಬುಧವಾರ ಯಾಕೆ ಪೊರಕೆ ಮುಟ್ಟಲಿಲ್ಲ?"

"ಮಂಡಿ ನೋವಿತ್ತು."

"ಮಂಗಳವಾರ ಇರಲಿಲ್ವಾ ಮಂಡಿ ನೋವು?"

ಚಿನ್ನಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು.

"ಬುಧವಾರ ಆಕಾಶದಲ್ಲಿ ಇದ್ದವರು ಯಾರಮ್ಮ?"

"ನೀನೂ ಹೆಣ್ಣೆಂಗ್ಸು. ಇಂಗೆಲ್ಲ ಕೇಳ್ಬೌದಾ?"

"ಕೇಳಲೇಬೇಕು. ಕನಕಪುರದಲ್ಲಿ ಇನ್ನೊಂದು ತಾಯಿ ಮಗ ಕೈಗೆ ಬೇಡಿ ಹಾಕ್ಕೊಂಡು ಕೂತಿದ್ದಾನೆ. ನಾಲ್ಕು ಗಂಟೆಗೆ ಅವನನ್ನ ಜೈಲಿಗೆ ಕಳಿಸ್ತಾರೆ. ಅವನ ಹೆಂಡತಿ ಹೊಟ್ಟೆ ಹೊತ್ಕೊಂಡು ಬಿಸಿಲಲ್ಲಿ ಕಾಯ್ತಾ ಇದ್ದಾಳೆ. ನೀವು ಹೇಳದೆ ಇದ್ರೆ ಆ ಮಗು ಹುಟ್ಟಿದಾಗ ಎತ್ಕೊಳ್ಳೋಕೆ ಅಪ್ಪ ಇರಲ್ಲ."

ಚಿನ್ನಮ್ಮನ ಬೆರಳು ನಿಂತಿತು. ಮರಿಯಪ್ಪ ಮತ್ತೆ ಗಡಿಯಾರ ನೋಡಿದ. ಈ ಸಲ ಕೆಮ್ಮಲಿಲ್ಲ.

"ಇಮಾನ ವಾಪಸ್ ಬಂದ್ಬುಡ್ತಂತೆ ಕಣವ್ವ," ಅಂದಳು ಚಿನ್ನಮ್ಮ.

"ಏನು?"

"ಅರ್ಧ ಸಮುದ್ರಕ್ಕೆ ಹೋಗಿ ಇಂಜಿನ್ನು ಏನೋ ಆಯ್ತಂತೆ. ತಿರುಗ್ಸಿ ಬೆಂಗ್ಳೂರಲ್ಲೇ ಇಳಿಸಿದ್ರಂತೆ. ಬೆಳಗ್ಗೆ ಫೋನ್ ಮಾಡಿ ಅಮ್ಮ, ಬದುಕಿ ಬಂದೆ, ನೆಲದ ಮೇಲೆ ಇವ್ನಿ ಅಂದ. ನಂಗೆ ಓದ ಜೀವ ಬಂದಂಗಾಯ್ತು. ಅದಕ್ಕೇ ಗುಡಿಸ್ದೆ, ಅದಕ್ಕೇ ತಲೆಗೆ ನೀರ್ ಹುಯ್ಕೊಂಡೆ. ಬೇರೆ ಇಮಾನ ಬುಧವಾರ ಬೆಳಗಿನ ಜಾವ ಅಂದ್ರಂತೆ. ಅಲ್ಲೀಗಂಟ ಅಲ್ಲೇ ಓಟ್ಲಲ್ಲಿ ರೂಮ್ ಕೊಟ್ಟಿದ್ರಂತೆ. ಮಲಗಿದ್ನಂತೆ."

"ಇದನ್ನ ಯಾಕೆ ಮುಚ್ಚಿಟ್ರಿ?"

"ಸಂಜೆ ಮತ್ತೆ ಫೋನ್ ಮಾಡಿದ್ದ. ಇಮಾನ ತಿರುಗಿ ಬಂದಿದ್ದು ಯಾರ್ಗೂ ಹೇಳ್ಬೇಡ, ಅಪಶಕುನ ಅಂತಾರೆ ಅಂದ."

"ನೀವು ನಂಬಿದ್ರಾ?"

ಚಿನ್ನಮ್ಮ ತಲೆ ಎತ್ತಿದಳು. ಕಣ್ಣಲ್ಲಿ ನೀರು ತುಂಬಿತ್ತು, ಆದರೆ ದನಿ ಗಟ್ಟಿಯಾಗಿತ್ತು. "ನಂಬ್ದೆ. ನೀನು ಬಂದು ದೇವರಾಜ ಸತ್ತ ಅನ್ನೋಗಂಟ ನಂಬಿದ್ದೆ. ಆಮೇಲೆ ಏನ್ ನಂಬ್ಲಿ ಹೇಳು. ಹೊಟ್ಟೇಲಿ ಹುಟ್ಟಿದ್ದು ಕಣವ್ವ."

ಲತಾಮಣಿಗೆ ಆ ಮುದುಕಿಯ ಕೈ ಹಿಡಿಯಬೇಕು ಅನ್ನಿಸಿತು. ಹಿಡಿಯಲಿಲ್ಲ. ಹೇಳಿದ್ದನ್ನು ಮರಿಯಪ್ಪನ ಕೈಲಿ ಗೀಚಿಸಿ, ರುಜು ಹಾಕಿಸಿಕೊಂಡು, ಜೀಪಿಗೆ ಓಡಿದಳು.

ದಾರಿಯಲ್ಲಿ ಮರಿಯಪ್ಪ ಏರ್‌ಪೋರ್ಟಿಗೆ ಫೋನು ಹಚ್ಚಿದ. ಆ ಕಡೆಯಿಂದ ಬಂದ ಉತ್ತರ ಕೇಳುತ್ತಾ ಅವನ ಮುಖ ಸಣ್ಣಗಾಯಿತು.

"ನಿಜ ಮೇಡಂ. ಎರಡು ಗಂಟೆ ಹಾರಿ ಅರಬ್ಬೀ ಸಮುದ್ರದ ಮೇಲಿಂದ ತಿರುಗಿಸವ್ರೆ. ಏಳೂವರೆಗೆ ವಾಪಸ್ ಇಳ್ದದೆ. ಓಟ್ಲಲ್ಲೇ ಇರಿ ಅಂದಿದ್ರಂತೆ, ಯಾರು ಇದ್ರು ಯಾರು ಹೋದ್ರು ಅವ್ರಿಗೂ ಗೊತ್ತಿಲ್ವಂತೆ. ಬುಧವಾರದ ವಿಮಾನದಲ್ಲಿ ಅನಂತರಾಜು ಹೋಗವ್ನೆ, ಅದು ಖಾತ್ರಿ."

"ನೀವು ಮೊದಲು ವಿಚಾರಿಸಿದಾಗ ಯಾಕೆ ಹೇಳಲಿಲ್ಲ?"

"ಹತ್ತಿದ್ನಾ ಅಂತ ಕೇಳ್ದೆ, ಹತ್ತಿದ ಅಂದ್ರು. ಇಳಿದ್ನಾ ಅಂತ ನಾನು ಕೇಳ್ಲಿಲ್ಲ." ಮರಿಯಪ್ಪ ಟೋಪಿ ತೆಗೆದು ತಲೆ ಕೆರೆದುಕೊಂಡ. "ಬೈದ್ಬುಡಿ ಮೇಡಂ, ಒಳಗಿಟ್ಕೋಬೇಡಿ."

ಬೈಯಲು ಅವಳಿಗೆ ಪುರಸೊತ್ತಿರಲಿಲ್ಲ. ಏಳೂವರೆಗೆ ಇಳಿದವನು ಪಾಸ್‌ಪೋರ್ಟು ಅದೂ ಇದೂ ಮುಗಿಸಿ ಒಂಬತ್ತಕ್ಕೆ ಆಚೆ ಬಂದಿದ್ದರೂ ಮಧ್ಯಾಹ್ನದ ಹೊತ್ತಿಗೆ ಮರಳವಾಡಿ ಮುಟ್ಟಬಹುದು. ಟೋಪಿ, ಮಾಸ್ಕು, ಕೈ ತೋರಿಸಿ ಹತ್ತಿದ ಟ್ಯಾಕ್ಸಿ. ಕೆಲಸ ಮುಗಿಸಿ, ಸತ್ತವನ ಫೋನನ್ನು ಸೀಟಿನ ಕೆಳಗೆ ತಳ್ಳಿ, ಮತ್ತೆ ಓಟ್ಲು, ಮತ್ತೆ ವಿಮಾನ. ಪಾಪದ ಸ್ವಾಮಿ ಮೊದಲಿಂದ ಹೇಳಿದ್ದು ಅಕ್ಷರಕ್ಷರ ನಿಜ. ಅವಳೂ ನಕ್ಕವರಲ್ಲಿ ಒಬ್ಬಳು. ನಾಚಿಕೆಯಿಂದ ಕಿವಿ ಬಿಸಿಯಾಯಿತು.

ರಾಮನಗರದಲ್ಲಿ ರೇಷ್ಮೆಗೂಡು ಮಾರಿ ಖಾಲಿ ಚೀಲ ತುಂಬಿಕೊಂಡು ಹೊರಟ ಟೆಂಪೋಗಳು ದಾರಿಗಡ್ಡ ನಿಂತಿದ್ದವು. ಡ್ರೈವರ್ ಹಾರ್ನ್ ಒತ್ತಿದ್ದೇ ಒತ್ತಿದ್ದು. ಲತಾಮಣಿ ಸೀಟಿನ ತುದಿಗೆ ಬಂದು ಕೂತಳು, ಹಿಂದಕ್ಕೆ ಸರಿದಳು, ಮತ್ತೆ ತುದಿಗೆ ಬಂದಳು. ಫೋಟೋ ಸಾಕು. ಸ್ವಾಮಿ ಅನಂತರಾಜುವಿನ ಫೋಟೋ ನೋಡಿ, ಕಣ್ಣೋ ಹುಬ್ಬೋ ಮೈಕಟ್ಟೋ ಏನಾದರೊಂದನ್ನು ಗುರುತಿಸಿದರೆ ಸಾಕು, ಕೋರ್ಟಿನ ಮುಂದೆ ಇಡಲು ಒಂದು ಮಾತಾಗುತ್ತೆ.

ಕನಕಪುರದ ರಸ್ತೆಗೆ ತಿರುಗಿದ ಮೇಲೆ ಅವಳಿಗೆ ಥಟ್ಟನೆ ನೆನಪಾಯಿತು.

"ಮರಿಯಪ್ಪ, ಆಯಮ್ಮನ ಫೋನು?"

ಮರಿಯಪ್ಪ ತಿರುಗಿ ನೋಡಿದ. ಚಿನ್ನಮ್ಮನ ಫೋನು ಚಿನ್ನಮ್ಮನ ಹತ್ತಿರವೇ ಇತ್ತು. ಒಬ್ಬ ಕಾನ್‌ಸ್ಟೆಬಲನ್ನೂ ಅಲ್ಲಿ ನಿಲ್ಲಿಸಿ ಬಂದಿರಲಿಲ್ಲ. ತಾಯಿಯಾದವಳು ಅಳುತ್ತಾ ಮೊದಲು ಮಾಡುವ ಕೆಲಸ ಯಾವುದು ಅಂತ ಯಾರಿಗೆ ತಾನೇ ಗೊತ್ತಿಲ್ಲ?

"ಹೇಳಿದ್ರೂ ಏನಂತೆ ಬುಡಿ ಮೇಡಂ," ಅಂದ ಮರಿಯಪ್ಪ. "ಅವ್ನು ಜರ್ಮನೀಲವ್ನೆ. ಇವತ್ತೇ ಹೊರಟ್ರೂ ಇಲ್ಲಿಗೆ ಬರೋಕೆ ರಾತ್ರಿ ಕಳೀಬೇಕು. ಅಷ್ಟೊತ್ಗೆ ಸ್ವಾಮಿ ಹೇಳಿಕೆ ಆಗಿರ್ತದೆ."

ಆ ಮಾತು ಅವಳಿಗೆ ಸಮಾಧಾನ ಕೊಡಬೇಕಿತ್ತು. ಕೊಡಲಿಲ್ಲ.

ಕೋರ್ಟಿನ ಆವರಣಕ್ಕೆ ಜೀಪು ನುಗ್ಗಿದಾಗ ನಾಲ್ಕಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ವಕೀಲರು, ಕಕ್ಷಿದಾರರು, ಜೆರಾಕ್ಸ್ ಅಂಗಡಿ ಮುಂದೆ ನಿಂತವರು, ಒಟ್ಟಿನಲ್ಲಿ ಜನವೋ ಜನ. ಸ್ವಾಮಿ ಪೊಲೀಸ್ ವ್ಯಾನಿನ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದ, ಕಾವಲಿಗೆ ಒಬ್ಬ ಕಾನ್‌ಸ್ಟೆಬಲ್. ಲತಾಮಣಿ ಓಡಿ ಹೋಗಿ ಅವನ ಮುಂದೆ ಫೋಟೋ ಹಿಡಿದಳು.

"ಸ್ವಾಮಿ, ನಿನ್ನ ಪ್ಯಾಸೆಂಜರ್ ಸಿಕ್ಕಿದ. ನೀನು ಹೇಳಿದ್ದೆಲ್ಲ ನಿಜ. ನೋಡು, ಇವನೇ ತಾನೆ?"

ನಿನ್ನೆಯಿಂದ ಕಾಲಿಗೆ ಬೀಳುತ್ತಿದ್ದ ಮನುಷ್ಯ ಫೋಟೋ ಕಡೆ ಕಣ್ಣು ಹಾಯಿಸಲೂ ಇಲ್ಲ.

"ಇವ್ರಲ್ಲ ಮೇಡಂ."

"ಸರಿಯಾಗಿ ನೋಡೋ."

"ಪ್ಯಾಸೆಂಜರ್ರೂ ಇಲ್ಲ, ಯಾರೂ ಇಲ್ಲ. ನಾನೇ ಹೊಡ್ದೆ. ಬರ್ಕೊಳಿ. ಒಳಗೆ ಹೋದ್ಮೇಲೂ ಅದನ್ನೇ ಹೇಳ್ತೀನಿ."

ಲತಾಮಣಿ ಅವನ ಭುಜ ಹಿಡಿದು ಅಲ್ಲಾಡಿಸಿದಳು. "ಯಾರೋ ನಿನ್ನ ಹತ್ತಿರ ಬಂದಿದ್ದು? ಯಾರು ಹೆದರಿಸಿದ್ದು?"

ಸ್ವಾಮಿ ಮುಖ ತಿರುಗಿಸಿ ಮರದ ಕಡೆ ನೋಡಿದ. ಕಾನ್‌ಸ್ಟೆಬಲ್ ತೊದಲಿದ. "ಯಾರೂ ಬಂದಿಲ್ಲ ಮೇಡಂ. ಇವನ ಹೆಂಡ್ತಿ ಫೋನ್ ಮಾಡಿದ್ಲು, ನನ್ ಫೋನಿಗೆ. ಪಾಪ ಅಂತ ಮಾತಾಡೋಕೆ ಬುಟ್ಟೆ. ಅಷ್ಟೇ."

"ಚೈತ್ರಾ ಎಲ್ಲಿ?"

"ಅಲ್ಲೇ ಮರದ ಕೆಳಗೆ ಕೂತಿದ್ಲು. ವಕೀಲರ ಕಡೆಯೋರು ಕಾರ್ ಹತ್ರ ಕರೀತಾವ್ರೆ ಅಂತ ಎದ್ದೋದ್ಲು."

ಮರದ ಕೆಳಗೆ ಒಂದು ಊಟದ ಡಬ್ಬಿ ಇತ್ತು. ಪಕ್ಕದಲ್ಲಿ ಯಾರೂ ಇರಲಿಲ್ಲ. ಸ್ವಾಮಿಗೆ ಇನ್ನೂ ವಕೀಲರೇ ಗೊತ್ತಾಗಿಲ್ಲ ಅನ್ನೋದು ಲತಾಮಣಿಗೆ ಗೊತ್ತಿತ್ತು. ಅವಳು ಚೈತ್ರಾಳ ನಂಬರಿಗೆ ಫೋನು ಮಾಡಿದಳು.

ಎರಡನೇ ರಿಂಗಿಗೆ ಎತ್ತಿದ್ದು ಗಂಡಸು.

"ನಮಸ್ಕಾರ ಮೇಡಮ್ಮೋರೇ. ಅಮ್ಮಂಗೆ ಬಿಪಿ ಐತೆ. ಅಷ್ಟೊಂದು ಅಳಿಸ್ಬಾರ್ದಿತ್ತು ನೀವು."

ನಿನ್ನೆ ವಿಡಿಯೋ ಕಾಲಿನಲ್ಲಿ ಕೇಳಿದ್ದ ದನಿಯೇ. ಅನಂತರಾಜು.

"ಚೈತ್ರಾ ಎ‌ಲ್ಲಿ?"

"ಚೆನ್ನಾಗವ್ರೆ. ಗಂಡ ಒಳಗೆ ಹೋಗಿ ಒಪ್ಕೊಂಡ್ರೆ ಸಂಜೆಗೆ ಮನೆ ಸೇರ್ತಾರೆ. ಬಸುರಿ ಹೆಂಗ್ಸು, ಸುಮ್ನೆ ಯಾಕೆ ತೊಂದ್ರೆ?"

ಲತಾಮಣಿ ಕಣ್ಣು ಮುಚ್ಚಿದಳು. ತಲೆ ಓಡುತ್ತಿತ್ತು. ಅವನು ಏಳು ಸಾವಿರ ಕಿಲೋಮೀಟರು ಆಚೆ. ಹಾಗಾದರೆ ಇಲ್ಲಿ ಚೈತ್ರಾಳನ್ನು ಕೂರಿಸಿಕೊಂಡವನು ಯಾರು? ಅವನ ಮಾತು ಬೆಳೆಸಬೇಕು, ಹೊತ್ತು ಕಳೆಯಬೇಕು, ಅಷ್ಟರಲ್ಲಿ ಮರಿಯಪ್ಪನನ್ನು ಗೇಟಿನ ಕಡೆ ಓಡಿಸಬೇಕು. ಅವಳು ಕೈಸನ್ನೆ ಮಾಡಿದಳು. ಮರಿಯಪ್ಪ ಓಡಿದ.

ವರಾಂಡದಲ್ಲಿ ಕೋರ್ಟಿನ ಜವಾನ ಹೊರಗೆ ಬಂದು ಎಂದಿನ ರಾಗದಲ್ಲಿ ಕೂಗಿದ. "ಸ್ವಾಮಿ ಬಿನ್ ಗಂಗಯ್ಯ..."

ಲತಾಮಣಿ ಕಣ್ಣು ಬಿಟ್ಟಳು. ಕೂಗು ವರಾಂಡದಿಂದ ಅವಳ ಒಂದು ಕಿವಿಗೆ ಬಂದಿತ್ತು. ಇನ್ನೊಂದು ಕಿವಿಗೆ ಅದೇ ಕೂಗು ಫೋನಿನೊಳಗಿಂದ ಬಂದಿತ್ತು. ನಿನ್ನೆ ವಿಡಿಯೋ ಕಾಲ್ ಮುಗಿಸಿದವನೇ ಮುಂದಿನ ವಿಮಾನ ಹತ್ತಿ ವಾಪಸ್ ಬಂದಿರಬೇಕು.

ಅವಳು ಫೋನನ್ನು ಕಿವಿಯಿಂದ ತೆಗೆಯದೆ ಮೆಲ್ಲಗೆ ಜನರ ಕಡೆ ತಿರುಗಿದಳು. ಆವರಣದಲ್ಲಿ ಅರ್ಧಕ್ಕರ್ಧ ಜನ ಫೋನು ಕಿವಿಗೆ ಹಿಡಿದೇ ನಿಂತಿದ್ದರು.